ಹಾವಿನ ಪಟ್ಟಿ

ಕ್ಯಾಥರಿನ್ ಎಂಬ ಊರನ್ನು ತಲುಪುವಷ್ಟರಲ್ಲಿ ಹ್ಯಾಮಿಶ್ ಆ ಹೆಸರನ್ನು ಮೂರು ಸಲ ನುಂಗಿದ್ದ. ಮೊದಲನೆಯ ಸಲ ಡಾರ್ವಿನ್ ನಗರದ ಮನೆಯ ಗೇಟಿನಲ್ಲೇ, ಮಗಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕಾರು ಹತ್ತಿದಾಗ. ಎರಡನೆಯ ಸಲ, ಹೆದ್ದಾರಿಯ ಬದಿಯ ಗೆದ್ದಲಿನ ಹುತ್ತಗಳಿಗೆ ಯಾರೋ ಹಳೆಯ ಅಂಗಿ, ಟೋಪಿ ತೊಡಿಸಿ ಮನುಷ್ಯರ ಹಾಗೆ ನಿಲ್ಲಿಸಿದ್ದನ್ನು ಅವಳಿಗೆ ತೋರಿಸಬೇಕೆನ್ನಿಸಿದಾಗ. ಮೂರನೆಯದು ಯಾಕೆಂದು ಅವನಿಗೇ ತಿಳಿಯಲಿಲ್ಲ. ಸುಮ್ಮನೆ, ಕನ್ನಡಿಯಲ್ಲಿ ಅವಳ ಮುಖ ಕಂಡದ್ದಕ್ಕೆ. ನಾಲ್ಕು ವರ್ಷ ದಿನಕ್ಕೆ ನೂರು ಸಲ ಕೂಗಿದ ಹೆಸರು ಅದು. ಬಿಕ್ಕಳಿಕೆಯ ಹಾಗೆ ತಾನಾಗಿಯೇ ಎದ್ದು ಬರುತ್ತಿತ್ತು. ಹಲ್ಲು ಕಚ್ಚಿ ಹಿಡಿದರೆ ಮೂಗಿನಲ್ಲಿ ಒಂದು ಗುಂಯ್ ಎಂಬ ಸದ್ದಾಗಿ ಉಳಿಯುತ್ತಿತ್ತು. ಇನ್ನು ನಾನೂರು ಕಿಲೋಮೀಟರ್ ಇತ್ತು. ಅಷ್ಟರೊಳಗೆ ನಾಲಿಗೆಯನ್ನು ಪಳಗಿಸಬೇಕು, ತನ್ನದನ್ನೂ, ಮಗಳದನ್ನೂ. ಮನಸ್ಸಿನೊಳಗೂ ಅದನ್ನು ಹೇಳಿಕೊಳ್ಳುವುದಿಲ್ಲವೆಂದು ಬೆಳಿಗ್ಗೆ ಗಾಡಿ ಶುರು ಮಾಡುವಾಗಲೇ ಪಣ ತೊಟ್ಟಿದ್ದ. ಹೇಳಿಕೊಳ್ಳುವುದಿಲ್ಲ ಎಂದುಕೊಂಡಾಗಲೆಲ್ಲ ಅದು ಒಳಗೆ ಒಮ್ಮೆ ಇಣುಕಿ ಹೋಗುತ್ತಿತ್ತು.

ಹೋದ ಮಂಗಳವಾರ ಅವನ ಹೆಂಡತಿ ನೊಲೀನ್‌ಳ ಅಜ್ಜಿ ತೀರಿಕೊಂಡಿದ್ದಳು. ಹೆತ್ತ ತಾಯಿ ಬೇಗ ಹೋದದ್ದರಿಂದ ನೊಲೀನ್‌ಳನ್ನು ಸಾಕಿದವಳು ಆ ಅಜ್ಜಿಯೇ. ಸತ್ತವರ ಹೆಸರನ್ನು ಆ ನೆಲದ ಮೂಲನಿವಾಸಿಗಳಾದ ನೊಲೀನ್‌ಳ ಜನ ಎತ್ತುವುದಿಲ್ಲ. ಒಂದು ವರ್ಷ, ಎರಡು ವರ್ಷ, ಮನೆಯ ಹಿರಿಯರು ಇನ್ನು ಸಾಕು ಎನ್ನುವವರೆಗೆ. ಅದೇ ಹೆಸರಿನ ಇನ್ನೊಬ್ಬರು ಬದುಕಿದ್ದರೆ ಅವರ ಹೆಸರನ್ನೂ ಪಕ್ಕಕ್ಕಿಡಬೇಕು. ಹಾಗೆ ಹೆಸರನ್ನು ಪಕ್ಕಕ್ಕಿಟ್ಟವರನ್ನು, ಗಂಡಾಗಲಿ ಹೆಣ್ಣಾಗಲಿ, ಕರೆಯುವುದಕ್ಕೆ ಅವರ ಭಾಷೆಯಲ್ಲಿ ಒಂದೇ ಮಾತಿದೆ. ಹೆಚ್ಚುಕಡಿಮೆ ‘ಹೆಸರಿಲ್ಲ’ ಎಂದು ಅದರ ಅರ್ಥ. ಅಜ್ಜಿಯ ಹೆಸರನ್ನು ಹೊತ್ತು ಈಗ ಬದುಕಿರುವವಳು ಒಬ್ಬಳೇ. ಹಿಂದಿನ ಸೀಟಿನಲ್ಲಿ ಬೆಲ್ಟಿನೊಳಗೆ ಕೂತು, ಒಂದೇ ಚಪ್ಪಲಿಯ ಕಾಲಿನಿಂದ ಅವನ ಬೆನ್ನಿಗೆ ಲಯವಾಗಿ ಒದೆಯುತ್ತಿದ್ದಳು. ಆ ಹೆಸರನ್ನು ಅವಳ ಮೇಲೆ ಹೊರಿಸಿದವನು ಹ್ಯಾಮಿಶ್.

ಅಜ್ಜಿ ಹುಡುಗಿಯಾಗಿದ್ದಾಗ ದನದ ಫಾರಮ್ಮಿನ ಒಡತಿ, ಅವಳ ನಿಜವಾದ ಹೆಸರು ತನ್ನ ನಾಲಿಗೆಗೆ ಹೊರಳದೆ, ತನ್ನ ಚಿಕ್ಕಮ್ಮನದೋ ಕುದುರೆಯದೋ ಹೆಸರನ್ನು ಅವಳಿಗೆ ಇಟ್ಟಿದ್ದಳಂತೆ. ನಿಜವಾದ ಹೆಸರನ್ನು ಹ್ಯಾಮಿಶ್‌ಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇಟ್ಟ ಹೆಸರೇ ಅವನಿಗೆ ಇಷ್ಟವಾಗಿತ್ತು. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯಂಥ ಹಳೆಯ ಕಾಲದ ಹೆಸರು. ಆಸ್ಪತ್ರೆಯಲ್ಲಿ ಮಗುವಿನ ಹೆಸರು ಬರೆಯುವ ಫಾರಮ್ಮು ಬಂದಾಗ ನೊಲೀನ್ ಕಿಟಕಿಯ ಕಡೆ ತಿರುಗಿ ಮಲಗಿದ್ದಳು. ಅಜ್ಜಿಯ ಹೆಸರೇ ಇಡೋಣ ಎಂದು ಅವನು ಹೇಳಿದಾಗ ಅವಳಂದದ್ದು ಒಂದೇ ಮಾತು: ‘ಅವಳಿಗೆ ವಯಸ್ಸಾಗಿದೆ.’ ಅದಕ್ಕೇ ಬೇಗ ಇಡೋಣ, ನೋಡಿ ಸಂತೋಷಪಡಲಿ ಎಂದಿದ್ದ ಅವನು. ಏಸಿ ಯಂತ್ರಗಳ ಮೇಲೆ ರಿಪೇರಿಯ ದಿನಾಂಕ ಬರೆಯುವ ಅದೇ ದುಂಡನೆಯ ಕೈಬರಹದಲ್ಲಿ ಐದು ಅಕ್ಷರ ಬರೆದಿದ್ದ. ಫೋನಿನಲ್ಲಿ ಸುದ್ದಿ ಕೇಳಿ ಅಜ್ಜಿ ಕೆಮ್ಮು ಬರುವವರೆಗೆ ನಕ್ಕಿದ್ದಳು. ‘ಇಟ್ಟೇಬಿಟ್ಯಾ? ಸರಿ ಹೋಗು. ಇನ್ನು ನಾನು ನಿಧಾನಕ್ಕೆ ಹೋಗ್ಬೇಕಾಯ್ತು.’ ಅದನ್ನು ಅವನು ತಮಾಷೆಯೆಂದುಕೊಂಡಿದ್ದ. ನಿಧಾನಕ್ಕೇ ಹೋದಳು. ವಾರಕ್ಕೆ ಮೂರು ದಿನ ಇದೇ ಕ್ಯಾಥರಿನ್ನಿನಲ್ಲಿ, ರಕ್ತ ತೊಳೆಯುವ ಯಂತ್ರದ ಪಕ್ಕದ ಕುರ್ಚಿಯಲ್ಲಿ, ಊರಿನಿಂದ ಅಷ್ಟು ದೂರ, ನಾಲ್ಕು ವರ್ಷ ಕೂತಳು. ಕೊನೆಗೆ ಯಂತ್ರ ಸಾಕು, ನನ್ನೂರಿನ ನೀರಿನ ಹತ್ತಿರ ಬಿಡಿ ಎಂದು ಮನೆಗೆ ಮರಳಿದಳು. ಮಗುವಿಗಾಗಿ ಆ ಕುರ್ಚಿಯಲ್ಲಿ ಕೂತಿದ್ದಳೇ? ನಾನು ಬರೆದ ಐದು ಅಕ್ಷರಕ್ಕಾಗಿ? ಟ್ರಾಫಿಕ್ ದೀಪ ಹಸಿರಾಗಿ ಹಿಂದಿನ ಗಾಡಿ ಹಾರನ್ ಮಾಡಿತು. ಹ್ಯಾಮಿಶ್ ಪಶ್ಚಿಮಕ್ಕೆ ತಿರುಗಿದ.

‘ಅಪ್ಪಾ, ಮೊದಲನೇ ಅಕ್ಷರ ಹೇಳಬಹುದಾ?’ ಏಳು ವರ್ಷದ ಮಗ ಟೈರನ್ ಕೇಳಿದ.

‘ಬೇಡ.’

‘ಕೊನೇದು?’

‘ಟೈರನ್.’

‘ನಡುವಿಂದು?’

‘ನಡುವಿಂದು ಹೇಳಿದ್ರೆ ನಡುದಾರೀಲಿ ಇಳಿಸಿ ಹೋಗ್ತೀನಿ,’ ಎಂದಳು ನೊಲೀನ್, ತಿರುಗಿ ನೋಡದೆ.

‘ನಂಗೆ ಹೆಸರಿದೆ,’ ಎಂದಳು ಮಗಳು.

‘ಇದೆ ಮರಿ, ಯಾರು ಇಲ್ಲ ಅಂದ್ರು?’ ಹ್ಯಾಮಿಶ್ ಕನ್ನಡಿಯಲ್ಲಿ ನಕ್ಕ. ‘ಈಗ ಸ್ವಲ್ಪ ಮಲಗಿದೆ ಅಷ್ಟೆ.’

‘ಯಾವಾಗ ಏಳತ್ತೆ?’

‘ಮಲಗಿಲ್ಲ,’ ಎಂದಳು ನೊಲೀನ್. ‘ಮಗೂಗೆ ಕತೆ ಕಟ್ಬೇಡ ಹ್ಯಾಮಿಶ್. ಆಮೇಲೆ ಎಬ್ಬಿಸಿ ಅಂತ ಕೂರ್ತಾಳೆ.’ ಬೆಲ್ಟನ್ನು ಸಡಿಲಿಸಿ ಹಿಂದಕ್ಕೆ ತಿರುಗಿ ಕೂತಳು. ‘ಇಲ್ನೋಡು. ಅಜ್ಜಿ ಈಗ ನಡ್ಕೊಂಡು ಹೋಗ್ತಾ ಇದ್ದಾಳೆ. ತುಂಬ ದೂರ ಹೋಗ್ಬೇಕು. ನೀನು ನಡೀತಿರುವಾಗ ಹಿಂದಿಂದ ಯಾರಾದ್ರೂ ನಿನ್ನ ಹೆಸರು ಕೂಗಿದ್ರೆ ಏನ್ಮಾಡ್ತೀಯ?’

‘ತಿರುಗಿ ನೋಡ್ತೀನಿ.’

‘ಅವಳೂ ನೋಡ್ತಾಳೆ. ಹಾಗೆ ತಿರುಗಿ ತಿರುಗಿ ನೋಡ್ತಾ ಇದ್ರೆ ಹೋಗಿ ಮುಟ್ಟೋದು ಯಾವಾಗ?’

ಹಿಂದಿನ ಸೀಟಿನಲ್ಲಿ ಒದೆತ ನಿಂತಿತು. ‘ನನ್ನನ್ನ ಕೂಗಿದ್ರೂ ಅವಳೇ ನೋಡ್ತಾಳಾ?’

‘ಹೂಂ. ಇಬ್ರದೂ ಒಂದೇ ಅಲ್ವಾ?’

‘ಹಾಗಾದ್ರೆ ನನ್ನನ್ನ ಏನಂತ ಕೂಗ್ತೀರ?’

ನೊಲೀನ್ ತನ್ನ ಭಾಷೆಯ ಆ ಮಾತನ್ನು ಹೇಳಿದಳು. ಹೆಸರಿಲ್ಲ. ಎರಡು ಸಲ, ನಿಧಾನವಾಗಿ ಹೇಳಿದಳು.

‘ಬೇಡ. ಚೆನ್ನಾಗಿಲ್ಲ,’ ಎಂದಳು ಮಗಳು. ಅದಾದ ಮೇಲೆ ಆ ಮಾತಿನಿಂದ ಕರೆದಾಗಲೆಲ್ಲ ಕಿಟಕಿಯ ಹೊರಗೆ ನೋಡಿದಳು. ನೀರು ಬೇಕಾ ಹೆಸರಿಲ್ಲ? ಉತ್ತರವಿಲ್ಲ. ಹೆಸರಿಲ್ಲ, ಬಿಸ್ಕತ್ತು? ಬಿಸ್ಕತ್ತಿಗೂ ಇಲ್ಲ.

ಅವಳ ಹಟ ನೋಡಿ ಹ್ಯಾಮಿಶ್‌ಗೆ ಒಳಗೊಳಗೇ ಹೆಮ್ಮೆಯಾಯಿತು, ಕೂಡಲೇ ಭಯವಾಯಿತು. ಊರಿನಲ್ಲಿ ಯಾರಾದರೂ ಮುದುಕಿ ಕರೆದಾಗ ಇವಳು ಸೊಂಟಕ್ಕೆ ಕೈಯಿಟ್ಟು, ನಂಗೆ ಹೆಸರಿದೆ, ನನ್ನ ಹೆಸರು ಇಂಥದು ಎಂದು ಅಂಗಳದ ನಡುವೆ ಕೂಗಿದರೆ? ಮಗು, ಅದಕ್ಕೇನು ಗೊತ್ತು ಎಂದು ಯಾರೂ ಅವಳನ್ನು ಬೈಯುವುದಿಲ್ಲ. ಅವನನ್ನೂ ಬೈಯುವುದಿಲ್ಲ. ಬೈದುಬಿಟ್ಟರೇ ಅವನಿಗೆ ಹಗುರ. ಮೂರು ವರ್ಷದ ಹಿಂದೆ, ನೊಲೀನ್‌ಳ ಚಿಕ್ಕಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ನದಿಯ ದಂಡೆಯಲ್ಲಿ ಎಲ್ಲರೂ ಸೇರಿದ್ದರು, ಹ್ಯಾಮಿಶ್ ಬಾಣಲೆಯಲ್ಲಿ ಸಾಸೇಜು ತಿರುವುತ್ತಿದ್ದ. ಮರಕ್ಕೆ ಒರಗಿಸಿದ್ದ ಗಾಳದ ಕೋಲನ್ನು ನೋಡಿ, ಇದು ಅವರದಲ್ಲವೇ ಎಂದು ಹೆಸರು ಹಿಡಿದೇ ಕೇಳಿದ್ದ. ಬಾಣಲೆಯ ಚಟಚಟ ಒಂದು ಬಿಟ್ಟು ಮಿಕ್ಕೆಲ್ಲ ಸದ್ದೂ ನಿಂತುಹೋಯಿತು. ಮಕ್ಕಳು ಅವನ ಬಾಯಿಯನ್ನೇ ನೋಡಿದವು, ಅಲ್ಲಿಂದ ಇನ್ನೇನೋ ಬೀಳಲಿದೆಯೆಂಬಂತೆ. ಒಬ್ಬ ಮುದುಕ ತಟ್ಟೆಯನ್ನು ಹಿಡಿದುಕೊಂಡು ಎದ್ದು ಮರಳಿನ ಮೇಲೆ ದೂರ ಹೋಗಿ ಬೆನ್ನು ಮಾಡಿ ಕೂತ. ಪಕ್ಕದಲ್ಲಿದ್ದ ಹುಡುಗ ಏನೂ ಆಗಿಲ್ಲವೆಂಬಂತೆ ಹ್ಯಾಮಿಶ್‌ನ ಕೈಗೆ ಸಾಸಿನ ಬಾಟಲಿ ಕೊಟ್ಟ. ಆ ಬಾಟಲಿಯನ್ನು ಅವನು ಇವತ್ತಿಗೂ ಮರೆತಿರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ನೊಲೀನ್ ಹೇಳಿದ್ದಳು: ‘ಯಾರೂ ನಿನ್ನ ಮೇಲೆ ಸಿಟ್ಟಾಗಿಲ್ಲ. ಪಾಪ, ಅವನಿಗೆ ಗೊತ್ತಾಗಲ್ಲ ಅಂದ್ರು.’

ಪಾಪ. ಆ ಮಾತನ್ನು ಇನ್ನೊಮ್ಮೆ ಆ ಊರಿನಲ್ಲಿ ಕೇಳಿಸಿಕೊಳ್ಳುವುದಿಲ್ಲ ಎಂದು ಅವನು ಗಟ್ಟಿ ಮಾಡಿಕೊಂಡಿದ್ದ. ಅದಕ್ಕೇ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕೆಲಸದ ಪೆಟ್ಟಿಗೆಯಿಂದ ಕಪ್ಪು ಇನ್ಸುಲೇಷನ್ ಟೇಪು ತೆಗೆದುಕೊಂಡು ಕೂತಿದ್ದ. ಶಿಶುವಿಹಾರಕ್ಕೆಂದು ಅವನೇ ಅವಳ ಸಾಮಾನಿನ ಮೇಲೆಲ್ಲ ಅಳಿಸದ ಶಾಯಿಯಲ್ಲಿ ಹೆಸರು ಬರೆದಿದ್ದ. ನೀರಿನ ಬಾಟಲಿ, ಟೋಪಿಯ ಒಳಬದಿ, ಬುತ್ತಿಯ ಡಬ್ಬಿ, ಅದರ ಮುಚ್ಚಳ, ಈಜುವ ಅಂಗಿಯ ಕಾಲರು, ಎಡ ಚಪ್ಪಲಿ, ಬಲ ಚಪ್ಪಲಿ. ಒಂದೊಂದನ್ನೂ ಹುಡುಕಿ ಹುಡುಕಿ ಟೇಪು ಸುತ್ತಿದ. ಫೋನಿನೊಳಗೆ ಅವಳ ಫೋಟೋಗಳಿದ್ದ ಕಡತದ ಹೆಸರನ್ನೂ ಬದಲಾಯಿಸಿದ. ಬಿಸಿಲಿಗೆ ಟೇಪು ಚೆನ್ನಾಗಿ ಹಿಡಿಯಲಿ ಎಂದು ಬಲ ಚಪ್ಪಲಿಯನ್ನು ಕಟ್ಟೆಯ ಮೇಲಿಟ್ಟು ಅಲ್ಲಿಯೇ ಮರೆತು ಬಂದಿದ್ದ, ಅದು ಬೇರೆ. ‘ಆಯ್ತು ನೋಡು,’ ಎಂದು ನೊಲೀನ್‌ಗೆ ಹೇಳಿದ್ದ. ‘ಒಂದೂ ಬಿಟ್ಟಿಲ್ಲ.’ ಅವಳು ಚಹಾದ ಬಟ್ಟಲಿನ ಮೇಲಿಂದ ಒಂದು ಗಳಿಗೆ ಅವನನ್ನೇ ನೋಡಿದಳು. ‘ಹೌದಾ,’ ಎಂದಳು.

ಆ ‘ಹೌದಾ’ ಈಗ, ಬೆಂಕಿ ಹಾಯ್ದು ಕಪ್ಪಾದ ಬಯಲಿನ ನಡುವೆ, ಮತ್ತೆ ಕೇಳಿಸಿತು. ರಸ್ತೆಯ ಬಲಕ್ಕೆ ಹುಲ್ಲು ಇನ್ನೂ ಉರಿಯುತ್ತಿತ್ತು. ಉರಿಯ ಅಂಚಿನ ಮೇಲೆ ಹದ್ದುಗಳು ಹಾರಿಬರುವ ಮಿಡತೆಗಾಗಿ ಸುತ್ತುತ್ತಿದ್ದವು. ಎದುರಿನಿಂದ ಬಂದ ಗಾಡಿಯವನು ಸ್ಟೀರಿಂಗ್ ಬಿಡದೆ ಒಂದು ಬೆರಳೆತ್ತಿ ನಮಸ್ಕಾರ ಹೇಳಿದ. ಹ್ಯಾಮಿಶ್‌ನ ಬೆರಳೂ ತಾನಾಗಿ ಎದ್ದಿತು. ಮೂರು ಡಬ್ಬಿ ಎಳೆಯುವ ದನದ ಲಾರಿಯೊಂದು ಎದುರಾದಾಗ ಗಾಳಿಯ ಹೊಡೆತಕ್ಕೆ ಕಾರು ಪಕ್ಕಕ್ಕೆ ಜಗ್ಗಿತು, ಸಗಣಿಯ ವಾಸನೆ ಒಂದು ಕಿಲೋಮೀಟರ್ ಜೊತೆಗೇ ಬಂತು. ಮಕ್ಕಳಿಬ್ಬರೂ ಮೂಗು ಹಿಡಿದು ನಗುತ್ತಿದ್ದರು. ನೊಲೀನ್ ನಗಲಿಲ್ಲ. ಅವಳು ಗೇರಿನ ಮೇಲಿದ್ದ ಅವನ ಎಡಗೈಯ ಕಡೆ ನೋಡುತ್ತಿದ್ದಳು. ಇವನು ನೋಡಿದ ಕೂಡಲೇ ರಸ್ತೆಯ ಕಡೆ ತಿರುಗಿದಳು.

ವಿಕ್ಟೋರಿಯಾ ನದಿಯ ಸೇತುವೆಯ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಊಟಕ್ಕೆ ನಿಂತರು. ಹೊರಗೆ ಕಾಲಿಟ್ಟರೆ ಒಲೆಯ ಬಾಗಿಲು ತೆರೆದ ಹಾಗಿತ್ತು. ಮಗಳನ್ನು ಎತ್ತಿಕೊಂಡೇ ನಡೆಯಬೇಕಾಯಿತು, ಒಂದು ಕಾಲು ಬರಿಗಾಲು. ನೆರಳಿನ ಬೆಂಚಿನಲ್ಲಿ ಕೂತು ಮಾಂಸದ ಪೈ ಒಡೆದು ಊದಿ ಊದಿ ಕೊಡುತ್ತಿದ್ದಾಗ, ಪಕ್ಕದ ಬೆಂಚಿಗೆ ದೇಶದ ದಕ್ಷಿಣದ ಕಡೆಯಿಂದ ಪ್ರವಾಸ ಬಂದ ಮುದಿ ದಂಪತಿಗಳು ಬಂದು ಕೂತರು. ಹಿಂದೆ ಅವರ ದೊಡ್ಡ ಬಿಳಿ ಕ್ಯಾರವಾನು, ಕಾರು ಎಳೆಯುವ ಗಾಲಿಮನೆ, ನಿಂತಿತ್ತು. ಹೆಂಗಸು ಮಕ್ಕಳನ್ನು ನೋಡಿ ನಕ್ಕಳು. ನೊಲೀನ್‌ಳನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಹ್ಯಾಮಿಶ್‌ನ ಕಡೆ ನೋಡಿ, ಕುತ್ತಿಗೆ ವಾಲಿಸಿ, ಕನ್ನಡಕ ಸರಿಮಾಡಿಕೊಂಡು, ಆ ಹೆಸರನ್ನು ಓದಿದಳು.

ಬಾಯಿ ತುಂಬ, ಗಟ್ಟಿಯಾಗಿ.

‘ಅಯ್ಯೋ, ನಮ್ಮ ಮೊಮ್ಮಗಳದೂ ಅದೇ ಹೆಸರು ಕಣಪ್ಪಾ!’ ಮತ್ತೊಮ್ಮೆ ಹೇಳಿದಳು. ‘ನಾರ್ಮ್, ಇಲ್ನೋಡಿ, ಇವರ ಕೈ ಮೇಲೆ. ಈಗ ಎಲ್ಲ ಹಳೇ ಹೆಸರುಗಳೇ ವಾಪಸ್ ಬರ್ತಿವೆ ಅಂತ ನಾನು ಹೇಳ್ಲಿಲ್ವಾ?’ ಮಗಳ ಕಡೆ ಬಾಗಿ ಮೂರನೆಯ ಸಲ ಹೇಳಿದಳು. ‘ನೀನೇನಾ ಚಿನ್ನಾ ಅದು?’

ಮಗಳ ಬಾಯಿಯಲ್ಲಿ ಪೈ ಇತ್ತು. ಅದನ್ನು ನುಂಗುವವರೆಗೂ ಎಲ್ಲರೂ ಕಾದರು. ‘ಅದನ್ನ ಹೇಳ್ಬಾರ್ದು,’ ಎಂದಳು. ‘ಅಜ್ಜಿ ತಿರುಗಿ ನೋಡ್ತಾಳೆ.’

ಹೆಂಗಸು ಥಟ್ಟನೆ ತನ್ನ ಬೆನ್ನ ಹಿಂದೆ ತಿರುಗಿ ನೋಡಿದಳು. ಅಲ್ಲಿ ಐಸಿನ ಪೆಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ.

‘ಮನೇಲಿ ಸಾವಾಗಿದೆ,’ ಎಂದ ಹ್ಯಾಮಿಶ್. ಹೆಂಗಸು ಕೆಂಪಾಗಿ, ಕ್ಷಮಿಸಿ ಎಂದು, ಎದ್ದು ಹೋಗಿ ಕ್ಯಾರವಾನಿನಿಂದ ಹಣ್ಣಿನ ಕೇಕಿನ ಎರಡು ತುಂಡು ತಂದು ಮಕ್ಕಳ ಮುಂದಿಟ್ಟು, ಗಂಡನನ್ನು ಎಬ್ಬಿಸಿಕೊಂಡು ಹೊರಟುಹೋದಳು. ಹ್ಯಾಮಿಶ್ ಆಗಲೂ ತನ್ನ ಕೈಯನ್ನು ನೋಡಿರಲಿಲ್ಲ. ಎಡ ಮುಂದೋಳಿನ ಹೊರಬದಿ. ಮೇಲೆ ಟೈರನ್, ಕೆಳಗೆ ಅದು. ನೀಲಿ ಹಚ್ಚೆ, ದುಂಡನೆಯ ಅಕ್ಷರ, ಅವನ ಕೈಬರಹವನ್ನೇ ನೋಡಿ ಹಚ್ಚೆಯವನು ಚುಚ್ಚಿದ್ದು. ಗಾಡಿ ಓಡಿಸುವಾಗ ತನಗೆ ಕಾಣದ, ಪಕ್ಕದಲ್ಲಿ ಕೂತವಳಿಗೆ ಮಾತ್ರ ಕಾಣುವ ಬದಿ. ಚಪ್ಪಲಿಯನ್ನು ಬಿಡದವನು ಚರ್ಮವನ್ನು ಬಿಟ್ಟಿದ್ದ. ಹಚ್ಚೆ ಹಾಕಿಸಿದ ವರ್ಷ ಅಜ್ಜಿ ಯಂತ್ರದ ಪಕ್ಕದ ಕುರ್ಚಿಯಿಂದಲೇ ಅವನ ಕೈ ಎಳೆದುಕೊಂಡಿದ್ದಳು. ಓದು ಬಾರದವಳು. ಒಣಗಿದ ತೋರುಬೆರಳಿನಿಂದ ಒಂದೊಂದು ಅಕ್ಷರವನ್ನೂ ನಿಧಾನವಾಗಿ ಸವರುತ್ತ, ‘ಇದು ನಾನಾ?’ ಎಂದಿದ್ದಳು. ‘ಇಬ್ಬರೂ,’ ಎಂದಿದ್ದ ಅವನು. ‘ನಾನು ಹೋದ್ಮೇಲೆ ಈ ಕೈನ ಏನ್ಮಾಡ್ತೀಯೋ? ಕಡಿದು ಎಸೀತೀಯಾ?’ ಎಂದು ಕೊಳವೆಗಳು ಅಲುಗುವಷ್ಟು ನಕ್ಕಿದ್ದಳು. ನರ್ಸು ಬಂದು ಗದರಿಸಿದ್ದಳು. ಅವನೂ ನಕ್ಕಿದ್ದ. ಅಜ್ಜಿಯ ತಮಾಷೆಗಳಿಗೆಲ್ಲ ಅವನು ಹಾಗೆ, ಅರ್ಥವಾದವನಂತೆ, ನಗುತ್ತಿದ್ದ.

‘ನಿಂಗೆ ಗೊತ್ತಿತ್ತು,’ ಎಂದ.

‘ಡಾರ್ವಿನ್‌ನಿಂದ,’ ಎಂದಳು ನೊಲೀನ್.

‘ಐನೂರು ಕಿಲೋಮೀಟರ್ ನೋಡ್ಕೊಂಡೇ ಕೂತಿದ್ಯಾ? ಹೇಳಬಹುದಿತ್ತಲ್ಲ.’

‘ಎಷ್ಟೂಂತ ನಾನೇ ಹೇಳ್ಲಿ?’ ಅವಳ ದನಿ ಏರಲಿಲ್ಲ. ಕೇಕಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಕೂಡಿಸುತ್ತಿದ್ದಳು. ‘ಹನ್ನೊಂದು ವರ್ಷದಿಂದ ಹೇಳ್ತಾನೇ ಇದೀನಿ. ಇಲ್ಲಿ ಕೂರು, ಅಲ್ಲಿ ನೋಡ್ಬೇಡ, ಅದು ಅನ್ಬೇಡ. ಸತ್ತಿರೋದು ನನ್ನಜ್ಜಿ, ಹ್ಯಾಮಿಶ್. ಒಂದಾದ್ರೂ ನಿಂಗೇ ಕಾಣ್ಲಿ ಅಂತ ಕಾಯ್ತಿದ್ದೆ.’

ಅವನು ಎದ್ದು ಗಾಡಿಯ ಹಿಂಬಾಗಿಲು ತೆರೆದ. ಉದ್ದ ತೋಳಿನ ಅಂಗಿ ಒಂದೂ ಇರಲಿಲ್ಲ. ತಂದದ್ದೆಲ್ಲ ಗಿಡ್ಡ ತೋಳಿನವೇ. ಟೇಪು ಇತ್ತು. ಸುತ್ತಿದ. ಐದು ನಿಮಿಷದಲ್ಲಿ ಬೆವರಿಗೆ ಟೇಪಿನ ತುದಿ ಎದ್ದು ಜಾರಿ, ಅಕ್ಷರದ ಬಾಲ ಹೊರಬಂತು. ಕಿತ್ತರೆ ಕೂದಲೂ ಕಿತ್ತು ಬಂದು ಕಣ್ಣಲ್ಲಿ ನೀರಾಡಿತು. ಟೈರನ್ ಬಲು ಗಂಭೀರವಾಗಿ ತನ್ನ ಮೊಸಳೆ ಚಿತ್ರದ ಅಂಟುಪಟ್ಟಿಗಳ ಡಬ್ಬಿಯನ್ನು ತಂದುಕೊಟ್ಟ. ಐದು ಅಕ್ಷರಕ್ಕೆ ಐದು ಮೊಸಳೆ. ಎರಡು ಉಳಿದವು, ಮೂರು ಬಿದ್ದವು. ಆಗ ಹ್ಯಾಮಿಶ್ ಸ್ಪೇರ್ ಟೈರಿನ ಪಕ್ಕದ ಕೆಂಪು ಚೀಲವನ್ನು ಎಳೆದ.

‘ಅದನ್ನ ಮುಟ್ಬೇಡ,’ ಎಂದಳು ನೊಲೀನ್. ‘ಹಾವು ಕಚ್ಚಿದ್ರೆ ಅಂತ ಇಟ್ಟಿರೋದು.’

‘ಎರಡಿವೆ.’

ಹಾವಿನ ಪಟ್ಟಿ ಈ ಕಡೆಯ ಎಲ್ಲ ಗಾಡಿಗಳಲ್ಲೂ ಇರುತ್ತದೆ. ಅಂಗೈಯಗಲದ, ಎಳೆದರೆ ಹಿಗ್ಗುವ ಬಟ್ಟೆ. ಅದರ ಮೇಲೆ ಸಾಲಾಗಿ ಆಯತದ ಗೆರೆಗಳು ಅಚ್ಚಾಗಿರುತ್ತವೆ. ಸಡಿಲ ಸುತ್ತಿದರೆ ಅವು ಆಯತವಾಗಿಯೇ ಉಳಿಯುತ್ತವೆ. ವಿಷ ಮೇಲೇರದಷ್ಟು ಬಿಗಿಯಾಗಿ ಎಳೆದರೆ ಹಿಗ್ಗಿ ಸರಿಯಾದ ಚೌಕಗಳಾಗುತ್ತವೆ. ಅದೊಂದೇ ಗುರುತು. ಕಲಿಸಿಕೊಟ್ಟವನು ಹೇಳಿದ್ದು ಅವನಿಗೆ ನೆನಪಿತ್ತು: ಕೈ ನಡುಗುತ್ತಿರುತ್ತೆ, ತಲೆ ಓಡಲ್ಲ, ಚೌಕ ನೋಡ್ಕೊ ಸಾಕು. ಬೆರಳುಗಳ ಬುಡದಿಂದ ಮೊಣಕೈಯವರೆಗೆ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರುವ ಹಾಗೆ, ಹಲ್ಲಿನಿಂದ ತುದಿ ಕಚ್ಚಿ ಎಳೆದು ಸುತ್ತಿದ. ಚೌಕ, ಚೌಕ, ಚೌಕ. ಅಕ್ಷರಗಳು ಒಂದೊಂದಾಗಿ ಮುಳುಗಿದವು. ಕ್ಲಿಪ್ಪು ಹಾಕಿದ. ‘ಈ ಕೈನಲ್ಲಿ ಗೇರು ಹಾಕ್ತೀಯಾ?’ ಎಂದಳು ನೊಲೀನ್. ‘ಹಾಕ್ತೀನಿ,’ ಎಂದ.

ಹಾಕಿದ. ನದಿ ದಾಟಿದ್ದಾಯಿತು, ಕೆಂಪು ಬಂಡೆಯ ಗೋಡೆಗಳು ಹಿಂದಾದವು, ಹೊಟ್ಟೆಯುಬ್ಬಿದ ಬೊಆಬ್ ಮರಗಳು ಎಲೆಯಿಲ್ಲದೆ ರಸ್ತೆಯ ಎರಡೂ ಬದಿ ಬರತೊಡಗಿದವು. ಬಟ್ಟೆಯ ಕೆಳಗೆ ಬೆವರು ಕುದಿಯುತ್ತಿತ್ತು. ಬೆರಳ ತುದಿಗಳು ಮೊದಲು ಜುಮುಗುಟ್ಟಿ, ಆಮೇಲೆ ಯಾರದೋ ಬೆರಳುಗಳ ಹಾಗಾದವು. ಸ್ವಲ್ಪ ಸಡಿಲಿಸಬಹುದಿತ್ತು. ಸಡಿಲಿಸುವುದಿಲ್ಲ ಎಂದುಕೊಂಡ. ಯಾರಿಗಾಗಿ ಈ ಶಿಕ್ಷೆ ಎಂದು ಒಳಗಿನಿಂದ ಒಂದು ದನಿ ಕೇಳಿತು. ನಿನ್ನ ನೋವನ್ನು ಅವರ ಸಾವಿನ ಮನೆಗೆ ಕಾಣಿಕೆ ಒಯ್ಯುತ್ತಿದ್ದೀಯಾ, ನೋಡಿ ಎಂದು ತೋರಿಸುವುದಕ್ಕೆ? ಹಾಗೂ ಇರಬಹುದು. ಇರಲಿ. ಒಳ್ಳೆಯ ಕಾರಣಕ್ಕೋ ಕೆಟ್ಟ ಕಾರಣಕ್ಕೋ, ಹೆಸರು ಮಾತ್ರ ಹೊರಗೆ ಬರಬಾರದು. ಟಾರು ಮುಗಿದು ಕೆಂಪು ಮಣ್ಣಿನ ದಾರಿ ಶುರುವಾದಾಗ ಸ್ಟೀರಿಂಗ್ ಗಡಗಡ ನಡುಗಿತು. ಅವನು ಎರಡೂ ಕೈಯಲ್ಲಿ ಹಿಡಿದ.

‘ಅಪ್ಪಾ, ಒಳಗೆ ಟೈರನ್‌ದೂ ಇದ್ಯಾ?’ ಎಂದಳು ಮಗಳು.

‘ಇದೆ.’

‘ಅವನು ಸತ್ತಿಲ್ವಲ್ಲ.’

‘ಒಂದರ ಕೆಳಗೆ ಒಂದಿದೆಯಲ್ಲ ಮರಿ. ಒಂದೇ ಮುಚ್ಚೋಕಾಗಲ್ಲ.’

‘ನಂದೂ ಮುಚ್ಚಿದಾರೆ, ಕೇಳ್ತಾ?’ ಎಂದ ಟೈರನ್. ‘ನಾನೇನಾದ್ರೂ ಅಳ್ತಿದೀನಾ?’

‘ನಾನೂ ಅಳ್ತಿಲ್ಲ.’ ಅಪ್ಪನ ಸೀಟಿನ ಕಡೆ ಕತ್ತು ಚಾಚಿ, ‘ಒಳಗೆ ಕತ್ತಲೆ ಇರತ್ತಾ?’ ಎಂದು ಕೇಳಿದಳು.

‘ಇರತ್ತೆ,’ ಎಂದ ಹ್ಯಾಮಿಶ್. ಕತೆ ಕಟ್ಟಲಿಲ್ಲ. ಪಕ್ಕದಲ್ಲಿ ನೊಲೀನ್ ತಿರುಗಿ ಅವನನ್ನು ನೋಡಿದಳು.

ಊರಿನ ಮೊದಲ ಮನೆಗಿಂತ ಹಿಂದೆಯೇ ಗಾಡಿ ನಿಲ್ಲಿಸಿದರು. ಸಾವಾದ ಊರಿಗೆ ಬಂದವರು ಹಾಗೆಯೇ ನಿಲ್ಲಿಸಬೇಕು. ನೊಲೀನ್ ಇಳಿದು ಒಬ್ಬಳೇ ನಡೆದಳು. ದೊಡ್ಡ ಮರದ ಕೆಳಗೆ ಹೆಂಗಸರು ಕಂಬಳಿಗಳ ಮೇಲೆ ಕೂತಿದ್ದರು; ಅವಳನ್ನು ಕಂಡದ್ದೇ ಒಬ್ಬಳ ಗಂಟಲಿನಿಂದ ಅಳು ಎದ್ದಿತು, ಅದನ್ನು ಇನ್ನೊಬ್ಬಳು ಎತ್ತಿಕೊಂಡಳು, ನೊಲೀನ್ ಅವರ ನಡುವೆ ಮೊಣಕಾಲೂರಿ ಬಿದ್ದಳು. ಅಜ್ಜಿಯ ಮನೆಯ ಬಾಗಿಲು ಮುಚ್ಚಿತ್ತು. ಮೆಟ್ಟಿಲ ಬಳಿ, ಸಾವಿನ ಮನೆಯನ್ನು ಶುದ್ಧಮಾಡಲು ಹಸಿ ಎಲೆಯ ಹೊಗೆ ಹಾಕಿದ ಬೂದಿ ಇತ್ತು. ಹ್ಯಾಮಿಶ್ ಮಗಳನ್ನು ಬಲಗೈಯಲ್ಲಿ ಎತ್ತಿಕೊಂಡು, ಟೈರನ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ತನ್ನ ಸರದಿ ಬರುವವರೆಗೆ ಕಾರಿನ ಬಳಿ ಕಾಯುತ್ತಿದ್ದ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ತಲೆ ಬಗ್ಗಿಸಿದ್ದ, ಬಾಯಿ ಮುಚ್ಚಿದ್ದ, ಕೈ ಮುಚ್ಚಿತ್ತು.

‘ಹಾವಾ?’

ಗಂಡಸರ ಗುಂಪಿನಿಂದ ನೊಲೀನ್‌ಳ ದಾಯಾದಿ ತಮ್ಮನೊಬ್ಬ ಓಡಿಬರುತ್ತಿದ್ದ. ‘ಭಾವಾ! ಯಾವಾಗ ಕಚ್ಚಿದ್ದು? ನಿಂತೇ ಇದ್ದೀಯಲ್ಲೋ ಮಾರಾಯ! ಮಗೂನ ಇಳ್ಸು! ಕೂತ್ಕೊ, ಕೈ ಅಲ್ಲಾಡಿಸ್ಬೇಡ!’ ಹಿಂದಿನಿಂದ ಇನ್ನಿಬ್ಬರು ಬಂದು ಅವನ ಭುಜ ಹಿಡಿದು ಕಾರಿನ ನೆರಳಿಗೆ ಕೂರಿಸಿಯೇಬಿಟ್ಟರು. ಯಾರೋ ಕ್ಲಿನಿಕ್ಕಿನ ನರ್ಸನ್ನು ಕರೆತರಲು ಓಡಿದರು. ‘ಯಾವ ಬಣ್ಣದ್ದು? ಕಂದು ಹಾವಾ?’ ಮರದ ಕೆಳಗೆ ಅಳು ಒಂದೊಂದೇ ದನಿಯಾಗಿ ನಿಂತಿತು. ಹೆಂಗಸರು ಎದ್ದು ಇತ್ತ ನೋಡುತ್ತಿದ್ದರು. ನಡುವೆ ನೊಲೀನ್, ಕಣ್ಣೀರಿಳಿದ ಮುಖದಲ್ಲಿ, ಬಾಯಿ ತೆರೆದು ನಿಂತಿದ್ದಳು. ನದಿಯ ದಂಡೆಯ ಅದೇ ಮೌನ. ಈ ಸಲ ಬಾಣಲೆಯೂ ಇರಲಿಲ್ಲ. ಅಲ್ಲ, ಹಾವಲ್ಲ ಎಂದು ಅವನು ಹೇಳಬೇಕಿತ್ತು. ಹೇಳಿದರೆ ಮತ್ತೇನು ಎನ್ನುತ್ತಾರೆ. ಅದಕ್ಕೆ ಉತ್ತರ ಹೇಳಲು ಹೊರಟರೆ ಮಾತೆಲ್ಲ ಆ ಹೆಸರಿನ ಕಡೆಗೇ ಓಡುತ್ತಿತ್ತು. ಬಾಯಿ ತೆರೆದ, ಗಂಟಲಲ್ಲಿ ಅದೇ ಎದ್ದು ಬಂತು, ಹಲ್ಲು ಕಚ್ಚಿ ನುಂಗಿದ. ಅವನ ಮುಖ ನೋಡಿ ಹುಡುಗರು ವಿಷ ಏರಿತೆಂದುಕೊಂಡರು. ‘ಮಾತು ನಿಂತಿದೆ,’ ಎಂದ ಒಬ್ಬ.

‘ಹಾವಲ್ಲ,’ ಎಂದಳು ಮಗಳು.

ಎಲ್ಲರೂ ಅವಳ ಕಡೆ ತಿರುಗಿದರು. ಒಂದೇ ಚಪ್ಪಲಿಯಲ್ಲಿ ನಿಂತು, ಬರಿಗಾಲನ್ನು ಬಿಸಿ ಮಣ್ಣಿನಿಂದ ಎತ್ತಿ ಇನ್ನೊಂದು ಕಾಲಿನ ಮೇಲಿಟ್ಟುಕೊಂಡಿದ್ದಳು. ಹ್ಯಾಮಿಶ್ ಅವಳ ಬಾಯಿಯನ್ನೇ ನೋಡಿದ. ಈಗ ಹೇಳುತ್ತಾಳೆ.

‘ಅದರೊಳಗೆ ನಾನಿದ್ದೀನಿ,’ ಎಂದಳು. ‘ಕತ್ತಲೆ ಇದೆ. ಯಾರೂ ಕೂಗ್ಬಾರ್ದು.’

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಬಿಡ್ಡಿ ನಡೆದುಬಂದಳು. ಸತ್ತವಳ ತಂಗಿ, ಈಗ ಆ ಮನೆಗೆ ಹಿರಿಯಳು ಅವಳೇ. ತಲೆ ಬೋಳಿಸಿಕೊಂಡಿದ್ದಳು, ಕೈಯಲ್ಲಿ ಕೋಲಿತ್ತು. ಹುಡುಗರು ಸರಿದು ದಾರಿ ಬಿಟ್ಟರು. ಅವಳು ಕಷ್ಟಪಟ್ಟು ಅವನ ಪಕ್ಕ ಮಣ್ಣಿನಲ್ಲಿ ಕೂತು, ಕೋಲನ್ನು ಕೆಳಗಿಟ್ಟು, ಅವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬಟ್ಟೆಯ ಮೇಲೆ ಅಂಗೈಯಿಟ್ಟಳು. ಅಕ್ಕನ ಬೆರಳಿನಂಥದೇ ಒಣಗಿದ ತೋರುಬೆರಳು ಮುಂದೋಳಿನ ಹೊರಬದಿಯಲ್ಲಿ ನಿಧಾನವಾಗಿ ಸಾಗಿ, ಅಕ್ಷರಗಳಿದ್ದ ಜಾಗದ ಮೇಲೆ ಬಂದು, ತಡೆದು ನಿಂತಿತು. ಅವಳಿಗೆ ಗೊತ್ತಿತ್ತು. ಆ ಕುರ್ಚಿಯ ಪಕ್ಕ ಅವತ್ತು ಅವಳೂ ಕೂತಿದ್ದಳಲ್ಲ, ಅವನಿಗೆ ಈಗ ನೆನಪಾಯಿತು. ಕೈ ಕಡಿಯುವ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಈಗ ಅವಳ ಎದೆಯಿಂದ ಒಂದು ಸದ್ದು ಬಂತು. ಅದು ನಗುವೋ ಅಳುವೋ ಹೇಳಲಾಗದಂತಿತ್ತು.

‘ಕಡೀಲಿಲ್ಲ ನೋಡಿ,’ ಎಂದಳು ಹಿಂದಿನವರಿಗೆ. ಆಮೇಲೆ ಪಟ್ಟಿಯನ್ನು ಮೊಣಕೈಯ ಬಳಿ ಬೆರಳು ತೂರಿಸಿ ನೋಡಿ, ‘ಸಡಿಲ ಆಗಿದೆ,’ ಎಂದಳು. ‘ರಸ್ತೆ ಕೆಟ್ಟದು.’

ಕ್ಲಿಪ್ಪು ತೆಗೆದಳು. ಸುತ್ತುಗಳನ್ನು ಬಿಚ್ಚದೆ, ಮಣಿಕಟ್ಟಿನಿಂದ ಮೇಲಕ್ಕೆ ಒಂದೊಂದೇ ಸುತ್ತನ್ನು ಎಳೆದು ಬಿಗಿಯುತ್ತ, ಸಡಿಲವಾದದ್ದನ್ನು ತುದಿಯ ಕಡೆಗೆ ತರತೊಡಗಿದಳು. ಆ ಸಣಕಲು ಕೈಗಳಲ್ಲಿ ಅಷ್ಟು ಬಲವಿದೆಯೆಂದು ಅವನು ತಿಳಿದಿರಲಿಲ್ಲ. ನೋವಿಗೆ ಕಣ್ಣು ಮಂಜಾಯಿತು, ಬಾಯಿ ತೆರೆಯಲಿಲ್ಲ. ಮಂಜಿನೊಳಗೆ ಬಟ್ಟೆಯ ಮೇಲಿನ ಆಯತಗಳು ಒಂದೊಂದಾಗಿ ಹಿಗ್ಗಿ ಚೌಕಗಳಾಗುತ್ತಿದ್ದವು. ಕೊನೆಯ ಸುತ್ತಿಗೆ ಬಂದಾಗ ಬಿಡ್ಡಿ ಕ್ಲಿಪ್ಪಿಗಾಗಿ ಮಣ್ಣಿನಲ್ಲಿ ತಡಕಿದಳು, ಸಿಗಲಿಲ್ಲ. ತಲೆಯೆತ್ತದೆ, ಮನೆಯ ಮಗುವನ್ನು ದಿನವೂ ಕರೆಯುವ ದನಿಯಲ್ಲಿ ಕರೆದಳು.

‘ಹೆಸರಿಲ್ಲ. ಬಾ ಇಲ್ಲಿ. ಈ ತುದಿ ಹಿಡ್ಕೊ.’

ಮಗಳು ತಂದೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು.

‘ಬಂದೆ ಅಜ್ಜಿ,’ ಎಂದು ಕುಂಟುತ್ತ ಬಂದು, ತುದಿಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದಳು. ಅವಳು ಹಿಡಿದುಕೊಂಡೇ ಇದ್ದಳು. ಮರದ ಕೆಳಗೆ ಹೆಂಗಸರು ಮತ್ತೆ ಕೂತರು, ಅಳು ನಿಂತಲ್ಲಿಂದಲೇ ಮುಂದುವರಿಯಿತು.